ಸೀಬೆಹಣ್ಣಿಗೂ ನೂರಾ ಹನ್ನೆರಡು

ಅಳೆಯುವ ಸಾಮಾನು ಯಾವುದೇ ಇರಲಿ, ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಅದನ್ನು ನಂಬಿದವಳಲ್ಲ ಯೂ ಬೀಯುನ್. ಅವಳ ಔಷಧದಂಗಡಿಗೆ ಹೊಸ ಥರ್ಮಾಮೀಟರುಗಳು ಬಂದರೆ ಎಲ್ಲವನ್ನೂ ಒಂದೇ ಬೋಗುಣಿಯ ಬೆಚ್ಚನೆ ನೀರಿನಲ್ಲಿ ಅದ್ದಿ, ತನ್ನ ಹಳೆಯ ಗಾಜಿನ ಥರ್ಮಾಮೀಟರಿನೊಂದಿಗೆ ಹೋಲಿಸುತ್ತಿದ್ದಳು. ಎರಡು ಗೆರೆ ಆಚೀಚೆಯಾದದ್ದು ಅದೇ ಸಂಜೆ ವಾಪಸು ಹೋಗುತ್ತಿತ್ತು. ರಕ್ತದೊತ್ತಡದ ಯಂತ್ರ ಬಂದರೆ ಮೊದಲು ತನ್ನ ತೋಳಿಗೆ ಮೂರು ಸಲ ಕಟ್ಟಿಕೊಂಡು ನೋಡುತ್ತಿದ್ದಳು. ತೈನಾನ್ ಪಟ್ಟಣದ ಹಳೆಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮೂವತ್ಮೂರು ವರ್ಷದಿಂದ ಅವಳ ಅಂಗಡಿ ಹೀಗೆಯೇ ನಡೆದಿತ್ತು. ಓಣಿಯವರು ಅವಳನ್ನು ‘ಔಷಧದಕ್ಕ’ ಎಂದು ಕರೆಯುತ್ತಿದ್ದರು. ಅವಳು ಸರಿ ಎಂದ ಯಂತ್ರವನ್ನು ಯಾರೂ ಮತ್ತೆ ಪ್ರಶ್ನಿಸುತ್ತಿರಲಿಲ್ಲ.

ಈ ಗುಣ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಚೀಗುವಿನ ಉಪ್ಪಿನ ಆಗರದಲ್ಲಿ ನೀರು ನೋಡುವ ಕೆಲಸದಲ್ಲಿದ್ದ. ಒಂದು ಗಾಜಿನ ಕೊಳವೆಯನ್ನು ಉಪ್ಪುನೀರಿನಲ್ಲಿ ತೇಲಿಬಿಟ್ಟು, ಅದು ಎಷ್ಟು ಮುಳುಗಿತೆಂದು ಓದಿ, ನೀರು ಮುಂದಿನ ಪಾತಿಗೆ ಹೋಗುವಷ್ಟು ಗಟ್ಟಿಯಾಗಿದೆಯೇ ಎಂದು ಹೇಳಬೇಕು. ಉಳಿದವರು ನೀರನ್ನು ನೆಕ್ಕಿ ಹೇಳುತ್ತಿದ್ದರು. ಅಪ್ಪ ನೆಕ್ಕುತ್ತಿರಲಿಲ್ಲ. “ಹತ್ತು ಸಲ ಉಪ್ಪು ನೆಕ್ಕಿದ ನಾಲಿಗೆಗೆ ಮಳೆನೀರೂ ಉಪ್ಪೇ ಮಗಳೇ” ಎನ್ನುತ್ತಿದ್ದ. ಒಂದು ಪಾತಿಯಿಂದ ಇನ್ನೊಂದಕ್ಕೆ ಹೋಗುವಾಗ ಸೊಂಟದ ಡಬ್ಬಿಯಲ್ಲಿದ್ದ ಸಿಹಿನೀರಿನಿಂದ ಆ ಕೊಳವೆಯನ್ನು ತೊಳೆದು, ಒರೆಸಿ, ಆಮೇಲೆ ತೇಲಿಬಿಡುತ್ತಿದ್ದ. ಏಳು ವರ್ಷದ ಬೀಯುನ್ ಆ ಡಬ್ಬಿಯನ್ನು ಹೊತ್ತು ಅವನ ಹಿಂದೆ ನಡೆದಿದ್ದಳು.

ಓಣಿಯ ಬಾಯಲ್ಲಿ ಹಣ್ಣಿನಂಗಡಿ ಇಟ್ಟಿದ್ದ ಕೋ ಶ್ವಾಂಗ್‌ಮೇಗೆ ಅರವತ್ತೇಳು, ಬೀಯುನ್‌ಗಿಂತ ಆರು ವರ್ಷ ಹಿರಿಯಳು. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ, ನಾಲ್ಕು ವರ್ಷದಿಂದ ಊಟಕ್ಕೆ ಮೊದಲು ಇನ್ಸುಲಿನ್. ಬೆರಳು ಚುಚ್ಚಿ, ರಕ್ತದ ಹನಿಯನ್ನು ಪರೀಕ್ಷೆಯ ಪಟ್ಟಿಗೆ ತಾಕಿಸಿ ಮೀಟರಿನಲ್ಲಿ ಅಂಕಿ ನೋಡಬೇಕು, ಅಂಕಿಯಂತೆ ಸೂಜಿ. ಡಾಕ್ಟರು ಹೇಳಿದ ಲೆಕ್ಕವನ್ನು ಬೀಯುನ್ ದಪ್ಪ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಹಣ್ಣಿನಂಗಡಿಯ ಕಂಬಕ್ಕೆ ಕಟ್ಟಿದ್ದಳು: ಎಂಬತ್ತಕ್ಕಿಂತ ಕೆಳಗಿದ್ದರೆ ಸೂಜಿ ಬೇಡ, ಮೊದಲು ಊಟ, ಇನ್ನೂರೈವತ್ತು ದಾಟಿದರೆ ನಾಲ್ಕು ಯೂನಿಟ್ ಹೆಚ್ಚು. ಅಂಕಿ ಸುಳ್ಳಾದರೆ ಸೂಜಿಯೂ ಸುಳ್ಳು. ಸಕ್ಕರೆ ಕಡಮೆಯಿದ್ದಾಗ ಹಾಕಿಕೊಂಡ ಇನ್ಸುಲಿನ್ ಮನುಷ್ಯರನ್ನು ನಿಂತಲ್ಲೇ ಬೀಳಿಸುತ್ತದೆ, ಕೆಲವು ಸಲ ಮತ್ತೆ ಏಳಿಸುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಆ ವರ್ಷ ಮೇ ತಿಂಗಳ ತಾಯಂದಿರ ದಿನಕ್ಕೆ ಶ್ವಾಂಗ್‌ಮೇಯ ಸೊಸೆ ಕಾವ್‌ಶಿಯುಂಗ್‌ನಿಂದ ಒಂದು ಕೈಗಡಿಯಾರ ಕಳಿಸಿದಳು. ಮೊಬೈಲಿನಲ್ಲಿ ಕೂಗಿ ಮಾರುವ ಯಾರದೋ ನೇರ ಪ್ರಸಾರದಲ್ಲಿ ಕೊಂಡದ್ದು. ಹೆಜ್ಜೆ ಎಣಿಸುತ್ತದೆ, ನಿದ್ದೆ ಅಳೆಯುತ್ತದೆ, ಚುಚ್ಚದೆಯೇ ರಕ್ತದ ಸಕ್ಕರೆ ಹೇಳುತ್ತದೆ ಎಂದು ಡಬ್ಬಿಯ ಮೇಲಿತ್ತು. ಶ್ವಾಂಗ್‌ಮೇ ಅದನ್ನು ಸ್ನಾನಕ್ಕೂ ಬಿಚ್ಚಲಿಲ್ಲ. ನಿಂಬೆಹುಳಿ, ಉಪ್ಪು, ಶುಂಠಿರಸದಲ್ಲಿ ದಿನವಿಡೀ ನೆನೆಯುವ ಬೆರಳುಗಳಿಗೆ ದಿನಕ್ಕೆ ಮೂರು ಚುಚ್ಚು ಎಂದರೆ ಹಿಂಸೆ. ಅದಕ್ಕಿಂತ ಮುಖ್ಯವಾದದ್ದು ಬೇರೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಸೊಸೆ ತಾನಾಗಿ ಕೊಟ್ಟ ಮೊದಲ ಉಡುಗೊರೆ ಅದು.

ಜೂನ್ ಮೊದಲ ವಾರ, ಯೂಜಿಂಗ್‌ನ ಮಾವು ಬುಟ್ಟಿಗಟ್ಟಲೆ ಬರತೊಡಗಿದಾಗ, ಒಂದು ಬೆಳಗ್ಗೆ ಹನ್ನೊಂದಕ್ಕೆ ಶ್ವಾಂಗ್‌ಮೇ ಮೀಟರು ಹಿಡಿದು ಔಷಧದಂಗಡಿಗೆ ನುಗ್ಗಿದಳು.

“ನೋಡೇ ಬೀಯುನ್, ನಿನ್ನ ಡಬ್ಬಿಗೆ ಹುಚ್ಚು ಹಿಡ್ದಿದೆ. ಮುನ್ನೂರಾ ಹನ್ನೆರಡಂತೆ! ನನ್ನ ಗಡಿಯಾರ ನೂರಾ ಹದಿನೆಂಟು ಅಂತಿದೆ. ಮುನ್ನೂರಿದ್ರೆ ನಾನು ಹಿಂಗೆ ಓಡ್ಕೊಂಡು ಬರ್ತಿದ್ನಾ?”

“ಮೊದ್ಲು ಆ ಕೈ ತೊಳ್ಕೊ ಮೇ ಅಕ್ಕ. ಮಾವಿನ ರಸ ಸುರೀತಿದೆ. ನನ್ನ ಮೇಜೆಲ್ಲ ಅಂಟು ಮಾಡ್ಬೇಡ.”

ಶ್ವಾಂಗ್‌ಮೇ ಗೊಣಗುತ್ತ ಸೋಪು ಹಾಕಿ ಕೈ ತೊಳೆದಳು. ಬೀಯುನ್ ಅಂಗಡಿಯ ಮೀಟರಿನಲ್ಲಿ ನೋಡಿದಳು. ನೂರಾ ಇಪ್ಪತ್ತನಾಲ್ಕು.

ಪಕ್ಕದಲ್ಲಿ ಹಾಲುಮೀನಿನ ಗಂಜಿ ಮಾರುವ ತೂ ಇಷ್ಟು ಹೊತ್ತಿಗೆ ಪಾತ್ರೆ ಖಾಲಿ ಮಾಡಿಕೊಂಡು, ಬಾಗಿಲಿಗೆ ಒರಗಿ ನಿಂತಿದ್ದ. “ಅಯ್ಯೋ ಔಷಧದಕ್ಕ! ಮೂವತ್ತು ವರ್ಷ ಎಲ್ಲಾರ ಯಂತ್ರಕ್ಕೂ ಪರೀಕ್ಷೆ ಇಟ್ರಿ. ಇವತ್ತು ನಿಮ್ಮದೇ ನಪಾಸು!”

ಬೀಯುನ್ ಮಾತು ಮರೆಸಲಿಲ್ಲ. “ಹೌದು. ಇವತ್ತು ಗಡಿಯಾರ ಹೇಳಿದ್ದೇ ಹತ್ರ. ಮೇ ಅಕ್ಕನ ಮೀಟರ್ ತಪ್ಪು. ಯಾಕೆ ಅಂತ ನಂಗೊತ್ತಿಲ್ಲ” ಎಂದಳು. ಇನ್ನೊಬ್ಬ ಅಂಗಡಿಯವರಾಗಿದ್ದರೆ ‘ಹಳೇ ಪಟ್ಟಿ ಇರಬೇಕು’ ಎಂದು ಹೊಸ ಡಬ್ಬಿ ಮಾರಿ ಕಳಿಸುತ್ತಿದ್ದರು.

ಆ ಮಧ್ಯಾಹ್ನ ಅವಳು ಶ್ವಾಂಗ್‌ಮೇಯ ಮೀಟರನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದಳು. ಎಷ್ಟು ಸಕ್ಕರೆ ಇದೆಯೆಂದು ಮೊದಲೇ ಗೊತ್ತಿರುವ ದ್ರವದ ಹನಿ ಹಾಕಿದಳು. ಬರಬೇಕಾದ ಅಂಕಿಯೇ ಬಂತು. ಪಟ್ಟಿಗಳ ಅವಧಿ ಮುಗಿದಿರಲಿಲ್ಲ. ಮೀಟರು ಸರಿ, ಪಟ್ಟಿ ಸರಿ, ರಕ್ತ ಸರಿ, ಆದರೂ ಅಂಕಿ ತಪ್ಪು. ಹಾಗಾದರೆ ತಪ್ಪಿರುವುದು ತಾನು ನೋಡದೆ ಇರುವ ಜಾಗದಲ್ಲಿ.

ಮರುದಿನ ಹನ್ನೊಂದಕ್ಕೆ ಅಂಗಡಿಗೆ ಬೀಗ ಹಾಕಿ ಹಣ್ಣಿನಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತಳು. “ನಾನಿಲ್ಲ ಅಂದ್ಕೊ, ನಿನ್ನ ಕೆಲ್ಸ ನೀನು ಮಾಡು” ಎಂದಳು.

“ಪೊಲೀಸ್ನೋರ ಥರ ಕೂತ್ಕೊಂಡು ಇಲ್ಲ ಅಂದ್ಕೊ ಅಂತೀಯಲ್ಲ!”

ಶ್ವಾಂಗ್‌ಮೇ ಮಾವು ಸುಲಿದಳು, ಹೋಳು ಮಾಡಿದಳು. ಸೊಂಟಕ್ಕೆ ಸಿಕ್ಕಿಸಿದ ಒದ್ದೆ ಬಟ್ಟೆಗೆ ಕೈ ಒರೆಸಿದಳು. ಮತ್ತೊಂದು ಸುಲಿದಳು, ಒರೆಸಿದಳು. ಚುಚ್ಚುವ ಹೊತ್ತಾದಾಗ ಅದೇ ಬಟ್ಟೆಗೆ ಕೈ ಒರೆಸಿ, ಸ್ಪಿರಿಟ್ ಹತ್ತಿಯಿಂದ ಬೆರಳಿನ ತುದಿಯನ್ನು ಚೊಕ್ಕವಾಗಿ ಉಜ್ಜಿ, ಒಣಗುವವರೆಗೆ ಕಾದು, ಚುಚ್ಚಿದಳು. ಬೀಯುನ್ ಕಲಿಸಿದ್ದನ್ನು ಒಂದಿಷ್ಟೂ ತಪ್ಪದೆ ಮಾಡಿದಳು. ಮೀಟರು ಇನ್ನೂರ ಎಂಬತ್ತೊಂಬತ್ತು ಎಂದಿತು.

ಬೀಯುನ್ ಆ ಬಟ್ಟೆಯನ್ನೇ ನೋಡುತ್ತಿದ್ದಳು. ಉಪ್ಪು ನೆಕ್ಕಿದ ನಾಲಿಗೆ. ಸಿಹಿನೀರಿನ ಡಬ್ಬಿ.

ಅವಳು ಎದ್ದು ಬುಟ್ಟಿಯಿಂದ ಒಂದು ಮಾವು ತೆಗೆದು ತಾನೇ ಸುಲಿದಳು. ಅವಳಿಗೆ ಸಕ್ಕರೆ ಕಾಯಿಲೆ ಇಲ್ಲ. ಬಟ್ಟೆಗೆ ಒರೆಸಿ, ಸ್ಪಿರಿಟ್ ಹಚ್ಚಿ, ತನ್ನ ಬೆರಳು ಚುಚ್ಚಿಕೊಂಡಳು. ಇನ್ನೂರ ಎಪ್ಪತ್ತೊಂದು. ಆಮೇಲೆ ತೂನ ನಲ್ಲಿಯಲ್ಲಿ ಸೋಪು ಹಾಕಿ, ಹರಿಯುವ ನೀರಿನಲ್ಲಿ ಕೈ ತೊಳೆದು, ಒಣಬಟ್ಟೆಗೆ ಒರೆಸಿ ಮತ್ತೆ ಚುಚ್ಚಿದಳು. ತೊಂಬತ್ತಾರು.

ಸ್ಪಿರಿಟ್ ಕ್ರಿಮಿಯನ್ನು ಕೊಲ್ಲುತ್ತದೆ. ಬೆರಳಿನ ಗೆರೆಗಳಲ್ಲಿ ಒಣಗಿ ಕೂತ ಹಣ್ಣಿನ ಸಕ್ಕರೆಯನ್ನು ತೆಗೆದುಹಾಕುವುದಿಲ್ಲ. ಮೀಟರಿಗೆ ಬೇಕಾದದ್ದು ಸಾಸಿವೆಕಾಳಿನಷ್ಟು ರಕ್ತ. ಆ ಹನಿಯೊಳಗೆ ಮಾವಿನ ರಸದ ಲೇಪ ಬೆರೆತರೆ ಸಾಕು, ಅಂಕಿ ಎರಡು ಮೂರು ಪಟ್ಟು ಏರುತ್ತದೆ. ಬೇರೆ ಮನೆಯವರಿಗೆ ಈ ತಪ್ಪು ವರ್ಷಕ್ಕೊಮ್ಮೆ ಆಗಬಹುದು. ದಿನಕ್ಕೆ ನಲವತ್ತು ಹಣ್ಣು ಸುಲಿಯುವವಳಿಗೆ ಬೇಸಿಗೆಯುದ್ದಕ್ಕೂ ಆಗುತ್ತದೆ.

ಬೀಯುನ್ ಸ್ಟೂಲಿನ ಮೇಲೆ ಕುಳಿತಳು. “ಮೇ ಅಕ್ಕ, ಸ್ಪಿರಿಟ್ ಸಾಕು ಅಂತ ನಿಂಗೆ ಹೇಳ್ಕೊಟ್ಟಿದ್ದು ನಾನು.”

“ಹೂಂ, ನೀನೇ.”

“ಹೋದ ಬೇಸಿಗೇಲಿ ನೀನು ಐಸ್ ಪೆಟ್ಟಿಗೆ ಪಕ್ಕ ಬಿದ್ದಿದ್ದೆ. ಬಿಸಿಲಿಗೆ ಅಂದ್ವಿ ಎಲ್ಲಾರೂ. ಅವತ್ತು ಸೂಜಿ ಎಷ್ಟು ಹಾಕ್ಕೊಂಡಿದ್ದೆ, ನೆನಪಿದ್ಯಾ?”

ಶ್ವಾಂಗ್‌ಮೇ ಕಂಬದ ಮೇಲಿನ ಹಾಳೆಯನ್ನು ನೋಡಿದಳು. “ಮುನ್ನೂರ ಚಿಲ್ರೆ ಬಂದಿತ್ತು. ನಾಲ್ಕು ಹೆಚ್ಗೆ ಹಾಕ್ಕೊಂಡಿದ್ದೆ.”

“ಅದು ಬಿಸಿಲಲ್ಲ. ಅದು ನಾನು.”

ಶ್ವಾಂಗ್‌ಮೇ ಒಂದು ಮಾವಿನ ಹೋಳನ್ನು ಬೀಯುನ್‌ಳ ಬಾಯಿಗೆ ತುರುಕಿ, “ನಿಂಗೂ ತಪ್ಪಾಗುತ್ತೆ ಅಂತ ಗೊತ್ತಾಯ್ತಲ್ಲ, ಈಗ ನಂಗೆ ಸಮಾಧಾನ” ಎಂದಳು. ಮರುಗಳಿಗೆಯಲ್ಲೇ ಅವಳ ಮುಖ ಅರಳಿತು. “ಅಂದ್ರೆ ಗಡಿಯಾರ ಹೇಳಿದ್ದೇ ಸರಿ! ಅದಕ್ಕೆ ಕೈ ತೊಳೆಯೋದೂ ಬೇಡ, ಚುಚ್ಚೋದೂ ಬೇಡ. ಇನ್ನು ಅದನ್ನೇ ನೋಡ್ಕೊಂಡು ಸೂಜಿ ಹಾಕ್ಕೋತೀನಿ.”

ಬೀಯುನ್ ಮಾವಿನ ಹೋಳನ್ನು ನುಂಗಿ ಎದ್ದುನಿಂತಳು. ತನ್ನ ಪ್ರಾಮಾಣಿಕತೆಯೇ ಗಡಿಯಾರಕ್ಕೆ ಒಳ್ಳೆಯ ಹೆಸರು ಕೊಟ್ಟಿತ್ತು.

“ಅದನ್ನ ಸ್ವಲ್ಪ ಬಿಚ್ಚಿ ಕೊಡು” ಎಂದಳು. ಗಡಿಯಾರದ ಬೆನ್ನಿನಲ್ಲಿ ಹಸಿರು ದೀಪ ಮಿಣುಕುತ್ತಿತ್ತು. ಬೀಯುನ್ ತಟ್ಟೆಯಿಂದ ಒಂದು ದಪ್ಪ ಸೀಬೆಹಣ್ಣು ತೆಗೆದು, ಅದರ ಸೊಂಟಕ್ಕೆ ಪಟ್ಟಿ ಬಿಗಿದು, ಸಕ್ಕರೆಯ ಚಿತ್ರ ಒತ್ತಿದಳು. ಮೂವರೂ ಬಗ್ಗಿ ನೋಡಿದರು. ಗಡಿಯಾರ ಸ್ವಲ್ಪ ಹೊತ್ತು ಯೋಚಿಸಿತು. ನೂರಾ ಹನ್ನೆರಡು.

ತೂ ನಕ್ಕು ನಕ್ಕು ಬಿದ್ದೇಹೋದ. “ಸೀಬೆ ಅಜ್ಜಿಗೆ ಸಕ್ಕರೆ ಹತೋಟೀಲಿದೆ! ಊಟ ಮಾಡ್ಬಹುದು!”

ಶ್ವಾಂಗ್‌ಮೇ ಮಿಸುಕಲಿಲ್ಲ. “ಅದ್ರಲ್ಲೇನಿದೆ? ಸೀಬೆಹಣ್ಣಲ್ಲೂ ಸಕ್ಕರೆ ಇರುತ್ತಲ್ಲ!”

ಬೀಯುನ್ ಈ ಉತ್ತರವನ್ನು ಎಣಿಸಿರಲಿಲ್ಲ. ಒಪ್ಪಬೇಕಾದ ಮಾತು ಎಂದು ತಲೆಯಾಡಿಸಿ, ಗಡಿಯಾರವನ್ನು ಕೈ ಒರೆಸುವ ಕಾಗದದ ಸುರುಳಿಗೆ ಕಟ್ಟಿದಳು. ನೂರಾ ಒಂಬತ್ತು.

“ಕಾಗದಕ್ಕೆ ಕಟ್ಟಿದ್ರೆ ಪಾಪ, ಅದಕ್ಕೂ ಗಲಿಬಿಲಿ ಆಗುತ್ತೆ. ಮನುಷ್ಯರ ಕೈಗೆ ಅಂತ ಮಾಡಿದ್ದು.”

“ಅಲ್ಲ ಔಷಧದಕ್ಕ” ಎಂದ ತೂ, “ನಮ್ಮ ಭಾವನ ಗಡಿಯಾರದಲ್ಲೂ ಸಕ್ಕರೆ ಬರುತ್ತೆ. ಅವರಿಗೆ ದೊಡ್ಡಾಸ್ಪತ್ರೇಲೇ ಹೇಳಿರೋದು.”

“ನಿಮ್ಮ ಭಾವನ ತೋಳಿಗೆ ಒಂದು ಬಿಲ್ಲೆ ಅಂಟಿಸಿಲ್ವಾ?”

“ಇದೆ. ನಾಣ್ಯದಷ್ಟಗಲ.”

“ಅದರಡಿ ಕೂದಲಷ್ಟು ತೆಳ್ಳಗಿನ ಎಳೆ ಚರ್ಮದೊಳಗೆ ಹೋಗಿರುತ್ತೆ. ಅಳೆಯೋದು ಅದು. ಗಡಿಯಾರ ಬರೀ ಅದು ಹೇಳಿದ್ದನ್ನ ತೋರಿಸುತ್ತೆ. ಏನೂ ಚುಚ್ಚದೆ, ಬರೀ ಬೆಳಕು ಬಿಟ್ಟು ಸಕ್ಕರೆ ಅಳೀತೀನಿ ಅನ್ನೋ ಗಡಿಯಾರನ ಇವತ್ತಿನವರೆಗೆ ಯಾವ ದೇಶದ ಔಷಧ ಇಲಾಖೆಯವರೂ ಒಪ್ಪಿಲ್ಲ. ದೊಡ್ಡ ದೊಡ್ಡ ಕಂಪನಿಗಳು ವರ್ಷಗಟ್ಟಲೆ ತಿಣುಕಾಡ್ತಿವೆ. ಮುಂದೆ ಯಾವತ್ತೋ ಬರಬಹುದು. ಬಂದ ದಿನ ನಾನೇ ಮೊದಲು ಕಟ್ಕೋತೀನಿ.”

ಶ್ವಾಂಗ್‌ಮೇ ಗಡಿಯಾರವನ್ನು ಕಸಿದು ಮಣಿಕಟ್ಟಿಗೆ ಕಟ್ಟಿಕೊಂಡಳು. “ಇಲಾಖೆಯವರು ಒಪ್ದೆ ಇರ್ಬಹುದು. ನಿನ್ನೆ ನಿನ್ನ ಕಣ್ಮುಂದೇನೇ ಸರಿ ಹೇಳ್ತಲ್ಲ. ನನ್ನ ಸೊಸೆ ಕೊಟ್ಟಿದ್ದು ಅಂತ ನೀವೆಲ್ಲ ಹಿಂಗೆ ಆಡ್ತಿದ್ದೀರ.”

ಆ ಕೊನೆಯ ಮಾತಿನಿಂದ ಬೀಯುನ್‌ಗೆ ವಿಷಯ ಎಲ್ಲಿದೆಯೆಂದು ತಿಳಿಯಿತು. ಅವಳು ವಾದ ನಿಲ್ಲಿಸಿದಳು. ನ್ಯಾಯವಾಗಿ ನೋಡಿದರೆ ಶ್ವಾಂಗ್‌ಮೇ ಹೇಳಿದ್ದರಲ್ಲಿ ಹುರುಳಿತ್ತು. ರಕ್ತವೇ ಇಲ್ಲದ ಕಡೆಯೂ ಗಡಿಯಾರ ಅಂಕಿ ಹುಟ್ಟಿಸುತ್ತದೆ ಎಂದಷ್ಟೇ ಸೀಬೆಹಣ್ಣು ತೋರಿಸಿತ್ತು. ಮನುಷ್ಯರ ಮೇಲೆ ಅದು ಸುಳ್ಳು ಎಂದು ತೋರಿಸಿರಲಿಲ್ಲ.

“ಏಳು ದಿನ ಕೊಡು” ಎಂದಳು. “ದಿನಕ್ಕೆ ಮೂರು ಸಲ, ಕೈ ತೊಳೆದು ಮೀಟರ್ ನೋಡು, ಅದೇ ಗಳಿಗೆಗೆ ಗಡಿಯಾರನೂ ನೋಡು. ಎರಡನ್ನೂ ಬರಿ. ಸೂಜಿ ಮಾತ್ರ ಮೀಟರ್ ಪ್ರಕಾರ. ಏಳು ದಿನ ಆದ್ಮೇಲೂ ಗಡಿಯಾರವೇ ಸರಿ ಅನ್ಸಿದ್ರೆ ಇಬ್ಬರೂ ಡಾಕ್ಟರ ಹತ್ರ ಹೋಗಿ ಆ ಹಾಳೆ ತೋರ್ಸೋಣ.”

“ನೀರು ಎಲ್ಲಿಂದ ತರ್ಲಿ? ನಂಗೆ ನಲ್ಲಿ ಇಲ್ಲ.”

ಆ ಸಂಜೆಯೇ ಹಣ್ಣಿನಂಗಡಿಯ ಕಂಬದಲ್ಲಿ ತಿರುಪು ಮೂತಿಯ ಒಂದು ನೀರಿನ ಡಬ್ಬಿ ತೂಗಿತು. ಅದನ್ನು ದಿನಾ ಬೆಳಗ್ಗೆ ತುಂಬಿಸಿದವಳು ಬೀಯುನ್.

ಮೊದಲ ನಾಲ್ಕು ದಿನ ಶ್ವಾಂಗ್‌ಮೇ ಗೆಲುವಿನ ನಗೆಯಲ್ಲಿದ್ದಳು. ಮೀಟರು ನೂರಾ ಆರು, ಗಡಿಯಾರ ನೂರಾ ಹನ್ನೊಂದು. ಮೀಟರು ನೂರಾ ಇಪ್ಪತ್ತೆಂಟು, ಗಡಿಯಾರ ನೂರಾ ಹದಿನಾರು. ಒಂದು ಸಂಜೆ, ಮೊಮ್ಮಗನ ಹುಟ್ಟುಹಬ್ಬದ ಕೇಕು ತಿಂದ ಮೇಲೆ, ಮೀಟರು ನೂರಾ ತೊಂಬತ್ತೆರಡು, ಗಡಿಯಾರ ನೂರಾ ಹದಿನೇಳು.

“ಹನ್ನೆರಡು ಸಲದಲ್ಲಿ ಒಂಬತ್ತು ಸಲ ಹತ್ರ ಹತ್ರ ಇದೆ. ಇನ್ನೇನು ಬೇಕು ನಿಂಗೆ?”

ಬೀಯುನ್ ಗಡಿಯಾರದ ಅಂಕಿಗಳ ಮೇಲೆ ಬೆರಳಿಟ್ಟಳು. “ಇದು ನೂರಾ ಆರರ ಕೆಳಗೆ ಇಳ್ದಿಲ್ಲ, ನೂರಾ ಇಪ್ಪತ್ತರ ಮೇಲೆ ಹತ್ತಿಲ್ಲ. ನೀನು ಚೆನ್ನಾಗಿದ್ದಾಗೆಲ್ಲ ಇದೂ ಸರಿ. ನೀನು ಚೆನ್ನಾಗಿಲ್ದೆ ಇರೋ ದಿನ ಇದು ಏನು ಹೇಳುತ್ತೆ, ಅದು ಬೇಕು ನಂಗೆ.”

“ನಾನು ಚೆನ್ನಾಗಿಲ್ದೆ ಇರ್ಲಿ ಅಂತ ಕಾಯ್ತಿದ್ದೀಯಾ, ಪಾಪಿ!” ಎಂದು ಶ್ವಾಂಗ್‌ಮೇ ನಕ್ಕಳು. ಬೀಯುನ್ ನಗಲಿಲ್ಲ.

ಐದನೆಯ ದಿನ ಶನಿವಾರ. ಹನ್ನೊಂದೂಕಾಲಿಗೆ ಶ್ವಾಂಗ್‌ಮೇ ಕೈ ತೊಳೆದು ನೋಡಿದಳು, ನೂರಾ ಹತ್ತೊಂಬತ್ತು. ಹಾಳೆಯಲ್ಲಿದ್ದಷ್ಟು ಸೂಜಿ ಹಾಕಿಕೊಂಡಳು. ತೂ ಅವಳಿಗೆಂದು ಎತ್ತಿಟ್ಟ ಗಂಜಿಯ ಬಟ್ಟಲನ್ನು ತಂದಿಟ್ಟು ಹೋದ. ಚಮಚ ಎತ್ತಿಕೊಳ್ಳುವಷ್ಟರಲ್ಲಿ ಓಣಿಯ ಬಾಯಲ್ಲಿ ಪ್ರವಾಸದ ಬಸ್ಸು ನಿಂತಿತು. ಎಲ್ಲರಿಗೂ ತೈನಾನ್‌ನ ಟೊಮೇಟೊ ತಟ್ಟೆಯೇ ಬೇಕು: ಹಸಿರು ಟೊಮೇಟೊ ಹೋಳು, ಜೊತೆಗೆ ಶುಂಠಿ, ಸೋಯಾ ಗೊಜ್ಜು, ಪುಡಿಸಕ್ಕರೆ ಕಲಸಿದ ಚಟ್ನಿ. ಮೂವತ್ತೆಂಟು ತಟ್ಟೆ.

ಹನ್ನೆರಡೂಕಾಲಿಗೆ ತೂ ಬಟ್ಟಲು ಒಯ್ಯಲು ಬಂದ. ಗಂಜಿಯ ಮೇಲೆ ಕೆನೆಗಟ್ಟಿತ್ತು.

“ಏನ್ ಮೇ ಅಕ್ಕ, ನನ್ನ ಮೀನಿಗೆ ಮುಳ್ಳು ಬಂತಾ? ಮುಟ್ಟೇ ಇಲ್ಲ!”

ಶ್ವಾಂಗ್‌ಮೇ ಬೆವರಿನಲ್ಲಿ ತೊಯ್ದಿದ್ದಳು. ಚಾಕು ಹಿಡಿದ ಕೈ ನಡುಗುತ್ತಿತ್ತು. ಟೊಮೇಟೊವನ್ನು ಕತ್ತರಿಸುವ ಬದಲು ಅದರ ಪಕ್ಕದ ಹಲಗೆಯನ್ನೇ ಕತ್ತರಿಸುತ್ತಿದ್ದಳು. ಗಡಿಯಾರವನ್ನು ಅವನ ಮುಖಕ್ಕೆ ಹಿಡಿದಳು. “ನೋಡು... ನೂರಾ ಹದಿನಾಲ್ಕು. ಸೆಖೆ ಅಷ್ಟೆ. ಸೆಖೆ. ನಿನ್ನ ಬುಟ್ಟಿ ಎಲ್ಲಿ ಕಟ್ಲಿ?”

ತೂ ಗಂಜಿ ಮಾರುವವನು, ಬುಟ್ಟಿ ಅವನದಲ್ಲ. ಅವನು ಬಟ್ಟಲನ್ನು ಅಲ್ಲೇ ಇಟ್ಟು ಓಡಿದ.

ಬೀಯುನ್ ಬಂದವಳೇ ಶ್ವಾಂಗ್‌ಮೇಯನ್ನು ಪೆಟ್ಟಿಗೆಯ ಮೇಲೆ ಕೂರಿಸಿ, ಚಾಕು ಬಿಡಿಸಿ, ಕಂಬದ ಡಬ್ಬಿಯ ನೀರಿನಲ್ಲಿ ಅವಳ ಕೈ ತೊಳೆದು, ತನ್ನ ಅಂಗಿಯ ಅಂಚಿಗೆ ಒರೆಸಿ ಚುಚ್ಚಿದಳು. ಮೀಟರು ಐವತ್ತೊಂದು ಎಂದಿತು.

“ನುಂಗ್ತೀಯಾ ಮೇ ಅಕ್ಕ? ನನ್ನ ನೋಡು. ನುಂಗು ನೋಡೋಣ.”

ಶ್ವಾಂಗ್‌ಮೇ ಉಗುಳು ನುಂಗಿ ತೋರಿಸಿದಳು. ಬೀಯುನ್ ಟೊಮೇಟೊ ಚಟ್ನಿಯ ಪುಡಿಸಕ್ಕರೆಯನ್ನೇ ಮೂರು ಚಮಚ ತುಂಬ ನೀರಿಗೆ ಕದಡಿ ಕುಡಿಸಿದಳು. ತೂ ಮಾವಿನ ಹೋಳು ಹಿಡಿದು ಬಂದಾಗ, “ಅದು ನಿಧಾನ, ಆಮೇಲೆ” ಎಂದಳು. ನಂತರ ಹದಿನೈದು ನಿಮಿಷ ಅವಳ ಕೈ ಹಿಡಿದುಕೊಂಡು ಕುಳಿತಳು. ಬಸ್ಸಿನವರು ಯಾರೋ ಹಣ್ಣು ಕೇಳಿದಾಗ ತೂ ಗದರಿಸಿ ಕಳಿಸಿದ.

ಮತ್ತೆ ಕೈ ತೊಳೆದು, ಮತ್ತೆ ಚುಚ್ಚಿದಾಗ ಎಂಬತ್ತೆಂಟು. ಗಡಿಯಾರ ನೂರಾ ಹದಿಮೂರು. ತೂ ಬಿಸಿ ಮಾಡಿ ತಂದ ಗಂಜಿಯನ್ನು ಶ್ವಾಂಗ್‌ಮೇ ಕೊನೆಯ ಅಗುಳಿನವರೆಗೆ ತಿಂದಳು. ಬಟ್ಟಲು ಕೆಳಗಿಟ್ಟು ಮಣಿಕಟ್ಟಿನಿಂದ ಗಡಿಯಾರವನ್ನು ಬಿಚ್ಚಿದಳು.

“ನಾನು ಅದನ್ನ ನೋಡ್ದೆ ಬೀಯುನ್. ತಲೆ ತಿರುಗ್ದಾಗ ನೋಡ್ದೆ. ಸರಿಯಿದ್ದೀನಿ ಅಂತು.”

“ಗೊತ್ತು.”

“ಗಡಿಯಾರ ಇಲ್ದೆ ಇದ್ದಿದ್ರೆ ನಾನು ಅವಾಗ್ಲೇ ಗಂಜಿ ಕುಡೀತಿದ್ದೆ.”

ಬೀಯುನ್ ಐವತ್ತೊಂದು, ನೂರಾ ಹದಿನಾಲ್ಕು ಎಂದು ಹಾಳೆಯಲ್ಲಿ ಬರೆದು ಅದನ್ನು ಮಡಿಸಿದಳು. ಏಳು ದಿನ ಬೇಕಾಗಲಿಲ್ಲ.

“ಸೊಸೆಗೆ ಏನಂತ ಹೇಳ್ಲಿ?” ಎಂದಳು ಶ್ವಾಂಗ್‌ಮೇ. “ಪಾಪ, ನನ್ನ ಬೆರಳು ನೋಡಿ ಕೊಡ್ಸಿದ್ದು ಅವಳು.”

“ನಿನ್ನ ಬೆರಳು ನೋಡಿದ್ಳಲ್ಲ, ಅದೇನು ಸುಳ್ಳಲ್ಲ. ಅದನ್ನ ಇಟ್ಕೊ. ಇಲ್ಲಿ ಕೊಡು.” ಬೀಯುನ್ ಗಡಿಯಾರದ ಪುಟಗಳನ್ನು ಒಂದೊಂದಾಗಿ ಸರಿಸಿದಳು. ಸಕ್ಕರೆಯ ಚಿತ್ರವನ್ನು ಮುಚ್ಚಿಹಾಕಿದಳು. ಆಮೇಲೆ ಅದರ ಗಂಟೆ ಸರಿಯೇ ಎಂದು ನೋಡಲು ತನ್ನ ಅಂಗಡಿಯ ಗಡಿಯಾರದೊಂದಿಗೆ ಒಂದು ಇಡೀ ದಿನ ಪಕ್ಕದಲ್ಲಿಟ್ಟು ಹೋಲಿಸಿದಳು. ಒಂದು ಸೆಕೆಂಡೂ ವ್ಯತ್ಯಾಸ ಬರಲಿಲ್ಲ. “ಈ ಕೆಲ್ಸ ಅದಕ್ಕೆ ಚೆನ್ನಾಗಿ ಬರುತ್ತೆ” ಎಂದು, ಸೂಜಿಯ ನಂತರದ ಊಟ ಮರೆಯದಂತೆ ದಿನಾ ಹನ್ನೊಂದೂವರೆಗೆ ಬಡಿಯುವ ಹಾಗೆ ಮಾಡಿ ಕೊಟ್ಟಳು.

ಮುಂದಿನ ಎರಡು ವಾರ ಬೀಯುನ್ ಸಂಜೆ ಒಂದು ತಾಸು ಮೊದಲೇ ಅಂಗಡಿ ಮುಚ್ಚಿದಳು. ತಾನು ಮೀಟರು ಕಲಿಸಿದ ನಲವತ್ತಾರು ಜನರ ಮನೆಗೆ ಒಬ್ಬೊಬ್ಬರಾಗಿ ಹೋಗಿ, ಕಾಗದ ಕಳಿಸದೆ, ಫೋನು ಮಾಡದೆ, ಅವರ ಮುಂದೆಯೇ ಹಣ್ಣು ಸುಲಿದು ಎರಡು ಸಲ ಚುಚ್ಚಿಕೊಂಡು ತೋರಿಸಿದಳು. ಪ್ರತಿ ಮನೆಯಲ್ಲೂ ಮೊದಲ ಮಾತು ಒಂದೇ: “ನಾನು ನಿಮಗೆ ತಪ್ಪು ಹೇಳ್ಕೊಟ್ಟಿದ್ದೆ.” ಅವಳ ಹತ್ತೂ ಬೆರಳುಗಳ ತುದಿ ಕೆಂಪಾಗಿ ಊದಿದವು. “ಔಷಧದಕ್ಕ, ಹೀಗೇ ಚುಚ್ಚಿಕೊಂಡ್ರೆ ನಿಮ್ಮ ಕೈಯನ್ನೇ ಅಕ್ಕಿ ಜರಡಿ ಮಾಡ್ಕೋಬಹುದು” ಎಂದು ತೂ ಹಂಗಿಸಿದ. ಆದರೆ ಗಂಜಿಯ ಬಟ್ಟಲಲ್ಲಿ ಅವಳಿಗೆ ಎಲ್ಲಕ್ಕಿಂತ ರುಚಿಯಾದ, ಮೀನಿನ ಹೊಟ್ಟೆಯ ತುಂಡನ್ನೇ ಇಟ್ಟ.

ಜುಲೈ ಕೊನೆಯಲ್ಲಿ ಮತ್ತೊಂದು ಬಸ್ಸು ಬಂತು. ತಟ್ಟೆಗೆ ಜನ ಸಾಲುಗಟ್ಟಿ ನಿಂತಿದ್ದರು. ಬೀಯುನ್ ಔಷಧದಂಗಡಿಯ ಬಾಗಿಲಿಗೆ ಬಂದು ಕತ್ತು ಚಾಚಿ ನೋಡಿದಳು. ಶ್ವಾಂಗ್‌ಮೇಯ ಮಣಿಕಟ್ಟಿನಲ್ಲಿ ಗಡಿಯಾರ ಕಿರುಚಿತು. ಅವಳು ಅರ್ಧ ಕತ್ತರಿಸಿದ ಟೊಮೇಟೊದಲ್ಲೇ ಚಾಕು ನಿಲ್ಲಿಸಿದಳು.

“ಹತ್ತು ನಿಮಿಷ ನಿಂತ್ಕೊಳ್ಳಿ” ಎಂದಳು ಸಾಲಿಗೆ. “ನನ್ನ ಸೊಸೆ ಊಟಕ್ಕೆ ಕರೀತಿದ್ದಾಳೆ.”